ಮೇಷ್ಟ್ರ ಟ್ರಂಕಿನ ನಾಲ್ಕು ಷೇರು ಕಾಗದ: ಮಂಡ್ಯದ ಒಂದು ಪ್ರಕರಣ

2022ರ ಆಯುಧಪೂಜೆಗೆ ಇನ್ನೂ ನಾಲ್ಕು ದಿನ ಇತ್ತು. ಮಂಡ್ಯದಿಂದ ಫೋನ್ ಬಂತು. ಮಾತಾಡಿದವನು ನನ್ನ ಹೈಸ್ಕೂಲು ಮೇಷ್ಟ್ರ ಮಗ. "ಅಣ್ಣ, ಮನೆಗೆ ಸುಣ್ಣ ಹೊಡೆಸ್ತಾ ಇದ್ವಿ. ಅಪ್ಪನ ಟ್ರಂಕಲ್ಲಿ ಷೇರು ಕಾಗದ ಸಿಕ್ಕಿವೆ. ಬೆಲೆ ಬಾಳ್ತವೋ ಇಲ್ವೋ ಗೊತ್ತಾಗ್ತಿಲ್ಲ. ಅಮ್ಮ ಮಾತ್ರ ಎಸೆಯೋಕೆ ಬಿಡ್ತಿಲ್ಲ" ಅಂದ.

ನಾನು 1996ರಿಂದ ಮೈಸೂರಿನಲ್ಲಿ ಷೇರು ಬ್ರೋಕರ್ ಕಚೇರಿಗಳಲ್ಲಿ ಕೆಲಸ ಮಾಡಿದವನು. ಈಗ ಸರಸ್ವತಿಪುರಂನ ಮನೆಯಲ್ಲೇ ಕೂತು, ಹಳೇ ಷೇರು ಬಿಡಿಸಿಕೊಳ್ಳುವವರಿಗೆ ಅರ್ಜಿ ಬರೆದುಕೊಡುತ್ತೇನೆ. ಇಂಥ ಫೋನು ತಿಂಗಳಿಗೆ ಒಂದೆರಡಾದರೂ ಬರುತ್ತದೆ. ಈ ಒಂದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಆ ಟ್ರಂಕಿನಲ್ಲಿದ್ದದ್ದು ನಾಲ್ಕು ಕಂಪನಿಗಳ ಕಾಗದ, ನಾಲ್ಕೂ ಬೇರೆ ಬೇರೆ ಕಾಲದ್ದು. ನಮ್ಮ ದೇಶದ ಷೇರುಪೇಟೆ ಹೇಗೆ ಮಗ್ಗುಲು ಬದಲಿಸುತ್ತಾ ಬಂತು ಅನ್ನುವುದು ಆ ಕಾಗದಗಳ ಮೇಲೇ ಇತ್ತು. ಯಾವುದಕ್ಕೆ ದುಡ್ಡು ಬಂತು, ಯಾವುದಕ್ಕೆ ಬರಲಿಲ್ಲ ಅನ್ನುವುದನ್ನು ತೀರ್ಮಾನ ಮಾಡಿದ್ದು ಕೂಡ ಕಂಪನಿಯ ಹೆಸರಲ್ಲ, ತಾರೀಕು.

ಹಳೇ ಷೇರು ಸಿಕ್ಕಿದರೆ ಎಲ್ಲರೂ ಮೊದಲು ಕಂಪನಿ ಹೆಸರು ನೋಡಿ, ಇವತ್ತಿನ ರೇಟು ಹುಡುಕುತ್ತಾರೆ. ನಾನು ತಾರೀಕು ನೋಡುತ್ತೇನೆ. ಆ ದಿನ ಬೆಲೆ ಕಟ್ಟುತ್ತಿದ್ದವರು ಯಾರು, ಕಾಗದ ಕೈಯಿಂದ ಕೈಗೆ ಹೇಗೆ ಬರುತ್ತಿತ್ತು ಅನ್ನುವುದು ಗೊತ್ತಾದರೆ, ಮುಂದಿನ ದಾರಿ ಅರ್ಧ ಗೊತ್ತಾದ ಹಾಗೆ.

ಮನೆ, ಮನುಷ್ಯರು

ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋದೆ. ಮೇಷ್ಟ್ರು ತೀರಿಕೊಂಡದ್ದು 2009ರಲ್ಲಿ. ಮನೆಯಲ್ಲಿ ಈಗ ಅಮ್ಮ, ಮಗ, ಸೊಸೆ. ಅಮ್ಮನಿಗೆ ಎಂಬತ್ತರ ಹತ್ತಿರ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿದೆ. ಒಬ್ಬರು ಹುಣಸೂರಿನಲ್ಲಿದ್ದಾರೆ, ಇನ್ನೊಬ್ಬರು ಬೆಂಗಳೂರಿನಲ್ಲಿ.

ಜಗಲಿ ಮೇಲೆ ಟ್ರಂಕು ತೆಗೆದಿಟ್ಟಿದ್ದರು. ಒಳಗೆ ಒಂದು ರಟ್ಟಿನ ಫೈಲು. ದಾರದಲ್ಲಿ ಕಟ್ಟಿದ ಆರು ಡಿವಿಡೆಂಡ್ ವಾರಂಟು, ಅಂದರೆ ಕಂಪನಿ ಲಾಭದ ಪಾಲಿಗೆ ಕಳಿಸುವ ಚೆಕ್ಕಿನಂಥ ಕಾಗದ. ಮೇಷ್ಟ್ರು ದಿನದ ಖರ್ಚು ಬರೆದಿಡುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕ. 1978ರ ಪುಟದಲ್ಲಿ "ಷೇರು ಅರ್ಜಿ, 750" ಅಂತ ಇತ್ತು. ಅದರ ಮೇಲಿನ ಸಾಲಿನಲ್ಲಿ ಹಾಲಿನ ಬಾಕಿ, ಕೆಳಗಿನ ಸಾಲಿನಲ್ಲಿ ಮಗಳ ಸ್ಕೂಲ್ ಫೀಸು.

"ಅವತ್ತು ಇದು ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಕಣಪ್ಪ. ಚಿನ್ನ ತಗೊಳ್ರೀ ಅಂದಿದ್ದೆ. ಕೇಳಲಿಲ್ಲ" ಅಂದರು ಅಮ್ಮ.

ಮಂಡ್ಯಕ್ಕೆ ಷೇರು ಅನ್ನುವ ಮಾತು ಹೊಸದಲ್ಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದಾಗಿನಿಂದ ಈ ಸೀಮೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಆ ಮಾತಿದೆ. ಮೈಷುಗರ್ ಅನ್ನುವ ಆ ಕಂಪನಿಗೆ ಇವತ್ತಿಗೂ ರೈತ ಷೇರುದಾರರಿದ್ದಾರೆ. ಇಲ್ಲಿನ ಹಳಬರಿಗೆ ಷೇರು ಅಂದರೆ ಕಾರ್ಖಾನೆಯಲ್ಲಿ ನಮ್ಮ ಪಾಲು. ಹೊಲದಲ್ಲಿ ಪಾಲು ಇದ್ದ ಹಾಗೆ. ಅದನ್ನು ಬೆಳಿಗ್ಗೆ ತಗೊಂಡು ಸಂಜೆ ಮಾರುವುದು ಅನ್ನುವ ಯೋಚನೆಯೇ ಅವರಿಗೆ ಇರಲಿಲ್ಲ. ಮೇಷ್ಟ್ರ ತಂದೆಯೂ ಕಬ್ಬು ಹಾಕುತ್ತಿದ್ದವರು. ಮೇಷ್ಟ್ರು ಬದುಕಿದ್ದಷ್ಟು ದಿನ ಒಂದು ಷೇರನ್ನೂ ಮಾರಲಿಲ್ಲ. ಈ ಪ್ರಕರಣದಲ್ಲಿ ನಡೆದದ್ದಕ್ಕೆಲ್ಲ ಇದೇ ಬೇರು.

ಪಾಲು ಇರುವುದು ಬೇರೆ, ಅದಕ್ಕೊಂದು ಪೇಟೆ ಇರುವುದು ಬೇರೆ. ಬಾಂಬೆಯಲ್ಲಿ 1850ರ ದಶಕದಲ್ಲಿ ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ ಕೆಲವು ದಲ್ಲಾಳಿಗಳು ಸೇರುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿಗೆ ಅಲ್ಲಿನ ಹತ್ತಿ ನಿಂತಿತು. ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಆ ದುಡ್ಡೆಲ್ಲ ಷೇರಿಗೆ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ಎಲ್ಲ ಕುಸಿಯಿತು. ಉಳಿದ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇವತ್ತಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್, ಬಿಎಸ್‌ಇ. 1894ರಲ್ಲಿ ಅಹಮದಾಬಾದು, 1908ರಲ್ಲಿ ಕಲ್ಕತ್ತಾ. ನಮ್ಮ ಬೆಂಗಳೂರು ಎಕ್ಸ್‌ಚೇಂಜ್‌ಗೆ ಮಾನ್ಯತೆ ಬಂದದ್ದು 1963ರಲ್ಲಿ. ಇದರಲ್ಲಿ ನೆನಪಿಡಬೇಕಾದ್ದು ಒಂದೇ. ಎಕ್ಸ್‌ಚೇಂಜ್ ಅನ್ನುವುದು ಹುಟ್ಟಿನಿಂದಲೂ ದಲ್ಲಾಳಿಗಳ ಸಂಘ. ವ್ಯಾಪಾರ ಮಾಡುವವರೂ ಅವರೇ, ನಿಯಮ ಮಾಡುವವರೂ ಅವರೇ. ನೂರಕ್ಕೂ ಜಾಸ್ತಿ ವರ್ಷ ಹಾಗೇ ನಡೆಯಿತು.

ಮೊದಲ ಕಾಗದ, 1978

ದಪ್ಪ ಕಾಗದ, ಅಂಚಿಗೆ ಹಸಿರು ಬಳ್ಳಿಯ ಚಿತ್ರ. ಕಂಪನಿಯ ಉಬ್ಬು ಸೀಲಿನ ಮೇಲೆ ಬೆರಳಾಡಿಸಿದರೆ ಇನ್ನೂ ತಗಲುತ್ತದೆ. ಹತ್ತು ರೂಪಾಯಿ ಮುಖಬೆಲೆಯ 50 ಷೇರು. ಕಂಪನಿ ವಿದೇಶಿ ಮೂಲದ್ದು.

ತಾರೀಕು ನೋಡಿದ ಕೂಡಲೇ ಇದು ಹೇಗೆ ಬಂದಿರಬಹುದು ಅಂತ ಹೊಳೆಯಿತು. 1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಿಸುವ ಫೆರಾ ಕಾನೂನು ಬಂತು. ಇಲ್ಲಿ ವ್ಯಾಪಾರ ಮಾಡುವ ಬಹಳಷ್ಟು ವಿದೇಶಿ ಕಂಪನಿಗಳು ತಮ್ಮ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಬೇಕಾಯಿತು. ಕೆಲವು ದೇಶ ಬಿಟ್ಟವು. ಉಳಿದವು ಮಿಕ್ಕ ಪಾಲನ್ನು ಇಲ್ಲಿನ ಜನರಿಗೆ ಮಾರಿದವು. ಆಗ ಹೊಸ ಷೇರಿನ ಬೆಲೆಯನ್ನು ಕಂಪನಿ ತನಗೆ ಬೇಕಾದ ಹಾಗೆ ಇಡುವ ಹಾಗಿರಲಿಲ್ಲ. 1947ರ ಕಾನೂನಿನ ಪ್ರಕಾರ ದೆಹಲಿಯಲ್ಲಿದ್ದ ಬಂಡವಾಳ ನೀಡಿಕೆ ನಿಯಂತ್ರಕರು ಒಪ್ಪಬೇಕಿತ್ತು. ಅವರು ಒಪ್ಪುತ್ತಿದ್ದ ಬೆಲೆ ಸಾಮಾನ್ಯವಾಗಿ ಕಡಿಮೆಯೇ. ಹಾಗಾಗಿ ಮಂಡ್ಯದ ಒಬ್ಬ ಮೇಷ್ಟ್ರು, ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕ ಅರ್ಜಿ ತುಂಬಿ, ಷೇರಿಗೆ ಹದಿನೈದು ರೂಪಾಯಿ ಕೊಟ್ಟು ದೊಡ್ಡ ಕಂಪನಿಯಲ್ಲಿ ಪಾಲುದಾರನಾದರು. ದಲ್ಲಾಳಿ ಇಲ್ಲ, ಎಕ್ಸ್‌ಚೇಂಜ್ ಇಲ್ಲ. ನೇರವಾಗಿ ಕಂಪನಿಯಿಂದ ಅವರ ಹೆಸರಿಗೇ ಬಂದ ಕಾಗದ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಇದೇ ಕಂಪನಿಯ ಇನ್ನೆರಡು ಕಾಗದ ಇದ್ದವು. 1981ರಲ್ಲಿ ಬೋನಸ್, ಅಂದರೆ ಕಂಪನಿ ಪುಕ್ಕಟೆ ಕೊಟ್ಟ ಷೇರು 50, 1989ರಲ್ಲಿ ಬೋನಸ್ 100. ಒಟ್ಟು 200.

2022ರ ನವೆಂಬರಿನಲ್ಲಿ, ಕಂಪನಿಯ ಷೇರುದಾರರ ಪುಸ್ತಕ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಮೇಷ್ಟ್ರ ಫೋಲಿಯೋ (ಷೇರು ಖಾತೆ) ನಂಬರು ಹಾಕಿ ಪತ್ರ ಬರೆದೆವು. ಅದರ ಜೊತೆಗೇ ಐಇಪಿಎಫ್ ವೆಬ್‌ಸೈಟಿನಲ್ಲಿ ಹೆಸರು ಹುಡುಕಿದೆ. ಸಿಕ್ಕಿತು. ಐಇಪಿಎಫ್ ಅಂದರೆ ಯಾರೂ ಕೇಳದ ಡಿವಿಡೆಂಡು, ಷೇರುಗಳನ್ನು ಇಟ್ಟುಕೊಳ್ಳುವ ಸರ್ಕಾರದ ನಿಧಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ತಗೊಳ್ಳದಿದ್ದರೆ ಷೇರೂ ಅಲ್ಲಿಗೇ ಹೋಗುತ್ತದೆ. 2016ರಲ್ಲಿ ನಿಯಮ ಬಂತು, 2017ರಲ್ಲಿ ದೇಶದ ತುಂಬಾ ಕಂಪನಿಗಳು ಹೀಗೆ ಷೇರು ಕಳಿಸಿದವು.

ಆ ಆರು ವಾರಂಟಿನ ಗಂಟು ಬಿಚ್ಚಿದಾಗ ವಿಷಯ ಅರ್ಥವಾಯಿತು. 2009ರ ಮೇಲೂ ಮೇಷ್ಟ್ರ ಹೆಸರಿಗೆ ವಾರಂಟು ಬರುತ್ತಲೇ ಇತ್ತು. ಅವರ ಬ್ಯಾಂಕ್ ಖಾತೆ ಒಂಟಿ ಹೆಸರಿನದು, ಅವರು ಹೋದ ಮೇಲೆ ಮುಚ್ಚಿತ್ತು. ಅಮ್ಮ ಎಲ್ಲಿ ಕಟ್ಟಬೇಕು? "ಅವರ ಹೆಸರಿರೋ ಕಾಗದ, ಎಸೆಯೋಕೆ ಮನಸ್ಸಾಗಲಿಲ್ಲ" ಅಂದರು. ಆಮೇಲೆ ಮನೆ ಬದಲಾಯಿತು. ಪೋಸ್ಟು ಹಳೇ ವಿಳಾಸಕ್ಕೆ ಹೋಗಿ ವಾಪಸಾಯಿತು. ಷೇರು ನಿಧಿಗೆ ಹೋಗುವ ಮೊದಲು ಕಂಪನಿ ಕೊನೆಯ ವಿಳಾಸಕ್ಕೆ ನೋಟಿಸು ಕಳಿಸಬೇಕು, ಪೇಪರಿನಲ್ಲಿ ಜಾಹೀರಾತು ಕೊಡಬೇಕು. ಕೊಟ್ಟಿರುತ್ತಾರೆ. ಆದರೆ ನೋಟಿಸು ಹೋದದ್ದು ಇವರು ಬಿಟ್ಟುಹೋದ ಮನೆಗೆ.

ರಿಜಿಸ್ಟ್ರಾರ್ ಉತ್ತರ ಬಂದದ್ದು 2023ರ ಜನವರಿಯಲ್ಲಿ. 2004ರಲ್ಲಿ ಹತ್ತು ರೂಪಾಯಿಯ ಷೇರನ್ನು ಎರಡು ರೂಪಾಯಿಯ ಐದು ಷೇರಾಗಿ ಒಡೆದಿದ್ದರು. ಹಾಗಾಗಿ ಕೈಯಲ್ಲಿದ್ದ 200, ಪುಸ್ತಕದಲ್ಲಿ 1,000 ಆಗಿತ್ತು. ಆ ಸಾವಿರವೂ ನಿಧಿಯಲ್ಲಿತ್ತು. ಕೈಯಲ್ಲಿದ್ದ ಕಾಗದ ರದ್ದಾಗಿ ವರ್ಷಗಳೇ ಕಳೆದಿದ್ದವು. ಈಗ ಅದು ಬರೀ ಸಾಕ್ಷಿ. ಆದರೆ ಒಳ್ಳೇ ಸಾಕ್ಷಿ.

ಬೇರೆ ಕಾಗದಗಳ ವಿಷಯ ಹೇಳಿ ಮತ್ತೆ ಇಲ್ಲಿಗೆ ಬರುತ್ತೇನೆ.

ಎರಡನೇ ಕಾಗದ, 1986

ಬೆಂಗಳೂರಿನ ಹತ್ತಿರದ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿ, 100 ಷೇರು. ಲಿಸ್ಟ್ ಆಗಿದ್ದದ್ದು, ಅಂದರೆ ವ್ಯಾಪಾರದ ಪಟ್ಟಿಗೆ ಸೇರಿದ್ದದ್ದು, ಬೆಂಗಳೂರು ಎಕ್ಸ್‌ಚೇಂಜ್‌ನಲ್ಲಿ ಮಾತ್ರ.

ಈಗಿನ ಹುಡುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಆಗ ದೇಶದಲ್ಲಿ ಹದಿನೈದರ ಆಸುಪಾಸು ಎಕ್ಸ್‌ಚೇಂಜ್ ಇದ್ದವು. ಕರ್ನಾಟಕದಲ್ಲೇ ಎರಡು, ಬೆಂಗಳೂರು ಮತ್ತು ಮಂಗಳೂರು. ಕಂಪನಿಯ ಕಚೇರಿ ಯಾವ ಸೀಮೆಯಲ್ಲಿದೆಯೋ ಆ ಸೀಮೆಯ ಎಕ್ಸ್‌ಚೇಂಜ್‌ನಲ್ಲಿ ಲಿಸ್ಟ್ ಆಗಬೇಕು ಅನ್ನುವ ನಿಯಮ ಇತ್ತು. ಊರ ಕಂಪನಿಗೆ ಊರ ಪೇಟೆ. ನನಗೆ ಇವತ್ತಿಗೂ ಅದು ಒಳ್ಳೆಯ ಯೋಚನೆ ಅಂತಲೇ ಅನ್ನಿಸುತ್ತದೆ. ಪಕ್ಕದ ಊರಿನ ಕಾರ್ಖಾನೆ ನಡೆಯುತ್ತಿದೆಯಾ, ಬಾಗಿಲು ಹಾಕಿದೆಯಾ ಅಂತ ಬಸ್ಸಿನಲ್ಲಿ ಹೋಗುವಾಗಲೇ ಕಾಣುತ್ತಿತ್ತಲ್ವಾ?

ಆದರೆ ಒಂದೊಂದು ಪೇಟೆಯಲ್ಲೂ ವ್ಯಾಪಾರ ಸಣ್ಣದು. ಮಾರಬೇಕು ಅಂದ ದಿನ ಕೊಳ್ಳುವವನಿಲ್ಲ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಎನ್‌ಎಸ್‌ಇಯ ಕಂಪ್ಯೂಟರ್ ಪರದೆ ಊರೂರಿಗೂ ಬಂದ ಮೇಲೆ ಊರ ಪೇಟೆಗೆ ಗಿರಾಕಿಯೇ ಇಲ್ಲದ ಹಾಗಾಯಿತು. ಬೆಂಗಳೂರು ಎಕ್ಸ್‌ಚೇಂಜ್ ತಾನೇ ಒಂದು ಅಂಗಸಂಸ್ಥೆ ಮಾಡಿ, ಅದರ ಮೂಲಕ ತನ್ನ ದಲ್ಲಾಳಿಗಳಿಗೆ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ವ್ಯಾಪಾರ ಮಾಡುವ ದಾರಿ ಮಾಡಿಕೊಟ್ಟಿತು. ತನ್ನ ಅಂಗಡಿಯಲ್ಲಿ ಮಾತ್ರ ದೀಪ ಆರಿತು. 2012ರಲ್ಲಿ ಷೇರುಪೇಟೆಯ ಸರ್ಕಾರಿ ಕಾವಲುಗಾರ ಸೆಬಿ ಒಂದು ಗೆರೆ ಹಾಕಿತು. ವರ್ಷಕ್ಕೆ 1,000 ಕೋಟಿ ವಹಿವಾಟು ಇಲ್ಲದ ಎಕ್ಸ್‌ಚೇಂಜ್ ಎರಡು ವರ್ಷದೊಳಗೆ ಅದನ್ನು ಮುಟ್ಟಬೇಕು, ಇಲ್ಲವೇ ಮುಚ್ಚಬೇಕು. 2014ರಲ್ಲಿ ಬೆಂಗಳೂರು ಎಕ್ಸ್‌ಚೇಂಜ್ ಮುಚ್ಚಿತು. ಮಂಗಳೂರಿನದು ಅದಕ್ಕೂ ಹತ್ತು ವರ್ಷ ಮೊದಲೇ ಮಾನ್ಯತೆ ಕಳೆದುಕೊಂಡಿತ್ತು.

ಅಲ್ಲಿ ಮಾತ್ರ ಲಿಸ್ಟ್ ಆಗಿದ್ದ ಕಂಪನಿಗಳ ಷೇರುದಾರರ ಗತಿ? ದೊಡ್ಡ ಎಕ್ಸ್‌ಚೇಂಜ್‌ನ ಒಂದು ಫಲಕದಲ್ಲಿ ಆ ಕಂಪನಿಗಳ ಹೆಸರು ಹಾಕಿದರು. ಕೊಳ್ಳುವವರೂ ಮಾರುವವರೂ ಅಲ್ಲಿ ತಮ್ಮ ಬೆಲೆ ತಿಳಿಸಬಹುದಿತ್ತು, ಅಷ್ಟೆ. 2016ರಲ್ಲಿ ಸೆಬಿ ಮತ್ತೊಂದು ಸುತ್ತೋಲೆ ತಂತು. ಇಂಥ ಕಂಪನಿ ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಲಿಸ್ಟ್ ಆಗಬೇಕು, ಇಲ್ಲವೇ ಕಂಪನಿ ಕಟ್ಟಿದ ಪ್ರವರ್ತಕರು ಬೆಲೆ ಕಟ್ಟಿಸಿ ಸಣ್ಣ ಷೇರುದಾರರಿಂದ ಷೇರು ವಾಪಸ್ ಕೊಳ್ಳಬೇಕು. ಈ ಕಂಪನಿಯೂ ಆಫರ್ ಕೊಟ್ಟಿತ್ತು. ಪತ್ರ ಹೋದದ್ದು ಅದೇ ಹಳೇ ಮನೆಗೆ. ನಾವು ಬಾಗಿಲು ತಟ್ಟುವ ಹೊತ್ತಿಗೆ ಗಡುವು ಮುಗಿದು ವರ್ಷಗಳಾಗಿದ್ದವು.

ಪುಣ್ಯಕ್ಕೆ ಕಂಪನಿ ಬದುಕಿದೆ. ಕಚೇರಿಯವರು ಮರ್ಯಾದೆಯಿಂದ ಮಾತಾಡಿದರು. ಈ ಷೇರಿನ ಬೆಲೆ ಸರಳ ದಾರಿಗೆ ಇದ್ದ ಐದು ಲಕ್ಷದ ಮಿತಿಗಿಂತ ಬಹಳ ಕಡಿಮೆ. ಹಾಗಾಗಿ ವಂಶವೃಕ್ಷ, ಮಕ್ಕಳ ಒಪ್ಪಿಗೆ ಪತ್ರ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಇಷ್ಟರಲ್ಲೇ ಅಮ್ಮನ ಹೆಸರಿಗೆ ಮಾಡಿಕೊಟ್ಟರು. ಆಮೇಲೆ ಡಿಮ್ಯಾಟ್ ಆಯಿತು, ಅಂದರೆ ಕಾಗದ ಹೋಗಿ ಕಂಪ್ಯೂಟರ್ ಖಾತೆಗೆ ಸೇರಿತು. ಆದರೆ ಮಾರಲು ಪೇಟೆ ಇಲ್ಲ. ಷೇರು ಅಲ್ಲೇ ಕೂತಿದೆ. ವ್ಯಾಪಾರವೇ ಇಲ್ಲದ ಎಕ್ಸ್‌ಚೇಂಜ್ ಮುಚ್ಚಿದ್ದು ಸರಿ ಅಂತ ನಾನು ಒಪ್ಪುತ್ತೇನೆ. ಮುಚ್ಚುವಾಗ ಮಂಡ್ಯದ ಮುದುಕಿಗೆ ಒಂದು ಪೋಸ್ಟ್ ಕಾರ್ಡಾದರೂ ಅವಳ ಭಾಷೆಯಲ್ಲಿ ತಲುಪಬೇಕಿತ್ತು ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಮೂರನೇ ಕಾಗದ, ಏಪ್ರಿಲ್ 1992

ಫೈಲಿನಲ್ಲಿ ಎಲ್ಲಕ್ಕಿಂತ ಚೆಂದ ಕಾಣುತ್ತಿದ್ದದ್ದು ಇದು. ಒಂದು ಜವಳಿ ಕಂಪನಿಯ 100 ಷೇರು. ಮೇಲೆ ತುಕ್ಕು ಹಿಡಿದ ಗುಂಡುಪಿನ್ನಿನಲ್ಲಿ ಸಿಕ್ಕಿಸಿದ ಒಂದು ಟ್ರಾನ್ಸ್‌ಫರ್ ಡೀಡ್, ಅಂದರೆ ಷೇರನ್ನು ಕೊಂಡವನ ಹೆಸರಿಗೆ ವರ್ಗ ಮಾಡುವ ಪತ್ರ. ಡೀಡಿನ ತುಂಬಾ ಸಾಲಾಗಿ ಅಂಟಿಸಿದ ಸ್ಟ್ಯಾಂಪು. ಮಾರಿದವನ ಸಹಿ ಇದೆ, ಸಾಕ್ಷಿಯ ಸಹಿ ಇದೆ, ಬ್ರೋಕರುಗಳ ರಬ್ಬರ್ ಸ್ಟ್ಯಾಂಪು ಮೂರಿದೆ. ಕೊಂಡವನ ಹೆಸರಿನ ಜಾಗ ಖಾಲಿ.

ಮಗ ಇದನ್ನೇ ಮೊದಲು ನನ್ನ ಕೈಗೆ ಕೊಟ್ಟ. ಸ್ಟ್ಯಾಂಪು ಜಾಸ್ತಿ ಇದ್ದದ್ದರಿಂದ ಇದೇ ಗಟ್ಟಿ ಕಾಗದ ಅಂದುಕೊಂಡಿದ್ದ.

ನಾನು ಕಾಗದ ತಿರುವಿ ಹಾಕಿದೆ. ಹಳೇ ಷೇರಿನ ಬೆನ್ನೇ ಅದರ ಜಾತಕ. ಅಲ್ಲಿ ಒಂದೊಂದು ಸಾಲು ಒಂದೊಂದು ಕೈ ಬದಲಾವಣೆ. ತಾರೀಕು, ಹೊಸ ಮಾಲೀಕನ ಫೋಲಿಯೋ, ಕಂಪನಿಯ ಅಧಿಕಾರಿಯ ಸಹಿ. ಮೂರು ಸಾಲಿತ್ತು. ಕೊನೆಯ ಹೆಸರು ಗುಜರಾತಿನ ಯಾರದೋ. ಮೇಷ್ಟ್ರ ಹೆಸರು ಇರಲಿಲ್ಲ.

ಆಗಿನ ವ್ಯವಸ್ಥೆ ಹೀಗಿತ್ತು. ಮೈಸೂರಿನಲ್ಲಿ ಷೇರು ಕೊಳ್ಳಬೇಕು ಅಂದರೆ ಸಬ್ ಬ್ರೋಕರ್‌ಗೆ ಹೇಳಬೇಕು. ಅವನು ಬೆಂಗಳೂರಿನ ಬ್ರೋಕರ್‌ಗೆ ಫೋನ್ ಮಾಡುತ್ತಾನೆ. ಅಲ್ಲಿಂದ ಬಾಂಬೆಗೆ. ಬಾಂಬೆಯಲ್ಲಿ ರಿಂಗ್ ಅನ್ನುವ ಅಂಗಳದಲ್ಲಿ ದಲ್ಲಾಳಿಗಳು ಕೂಗಿ, ಕೈಸನ್ನೆ ಮಾಡಿ ವ್ಯಾಪಾರ ಮುಗಿಸುತ್ತಿದ್ದರು. ಯಾವ ಬೆಲೆಗೆ ಮುಗಿಯಿತು ಅನ್ನುವುದು ಅವರು ಹೇಳಿದ್ದೇ ಸರಿ. ಮರುದಿನದ ಪೇಪರಿನಲ್ಲಿ ದಿನದ ಮೇಲಿನ ಬೆಲೆ, ಕೆಳಗಿನ ಬೆಲೆ ಎರಡೂ ಇರುತ್ತಿದ್ದವು. ನಿಮ್ಮದು ಇವೆರಡರ ನಡುವೆ ಎಲ್ಲೋ ಇದ್ದರೆ ಕೇಳುವ ಹಾಗಿಲ್ಲ. ಕಾಗದ ಮೈಸೂರಿಗೆ ಬರಲು ವಾರಗಟ್ಟಲೆ. ಬಂದ ಮೇಲೆ ಡೀಡಿನಲ್ಲಿ ನಮ್ಮ ಹೆಸರು ಬರೆದು ಕಂಪನಿಗೆ ಕಳಿಸಬೇಕು. ಸಹಿ ಒಂಚೂರು ಹೊಂದದಿದ್ದರೆ ವಾಪಸ್. ಅದಕ್ಕೆ ಬ್ಯಾಡ್ ಡೆಲಿವರಿ ಅನ್ನುತ್ತಿದ್ದರು. ಎಷ್ಟೋ ಜನ ಕಳಿಸುತ್ತಲೇ ಇರಲಿಲ್ಲ. ಖಾಲಿ ಡೀಡಿನ ಸಮೇತ ಮುಂದಿನವನಿಗೆ ದಾಟಿಸುತ್ತಿದ್ದರು.

ಮತ್ತೆ ಅದು ಯಾವ ಏಪ್ರಿಲ್ ನೋಡಿ. ವರ್ಷದ ಶುರುವಿನಲ್ಲಿ 2,000ದ ಆಸುಪಾಸಿದ್ದ ಬಿಎಸ್‌ಇಯ ಸೂಚ್ಯಂಕ ಸೆನ್ಸೆಕ್ಸ್ ಆ ತಿಂಗಳು 4,400 ದಾಟಿತು. ಬಾಂಬೆಯ ದಲ್ಲಾಳಿ ಹರ್ಷದ್ ಮೆಹ್ತಾ ಹೆಸರು ಎಲ್ಲರ ಬಾಯಲ್ಲಿ. ಬ್ಯಾಂಕುಗಳ ನಡುವೆ ಸರ್ಕಾರಿ ಸಾಲಪತ್ರದ ವ್ಯವಹಾರ ಬರೀ ರಸೀದಿಯ ಮೇಲೆ ನಡೆಯುತ್ತಿತ್ತು. ಆ ರಸೀದಿಗಳ ಬೆನ್ನ ಹಿಂದೆ ಬ್ಯಾಂಕಿನ ದುಡ್ಡು ಷೇರುಪೇಟೆಗೆ ಹರಿಯುತ್ತಿತ್ತು. ಏಪ್ರಿಲ್ ಕೊನೆಗೆ ಅದು ಬಯಲಾಯಿತು. ಆಗಸ್ಟ್ ಹೊತ್ತಿಗೆ ಸೆನ್ಸೆಕ್ಸ್ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಳೆದುಕೊಂಡಿತ್ತು. ಮೇಷ್ಟ್ರು ಪೇಟೆಯಿಂದ, ಅಂದರೆ ಬೇರೆಯವರ ಕೈಯಿಂದ, ಷೇರು ಕೊಂಡದ್ದು ಬದುಕಿನಲ್ಲಿ ಇದೊಂದೇ ಸಲ.

ಲೆಕ್ಕದ ಪುಸ್ತಕದಲ್ಲಿ ಅದರ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ. ಡೀಡು ಕಳಿಸಲಿಲ್ಲ. ಕಾಗದ ಕೈಯಲ್ಲಿದೆ, ನಮ್ಮದಾಯಿತು ಅಂದುಕೊಂಡಿರಬೇಕು. ಕಂಪನಿಯ ಪುಸ್ತಕದಲ್ಲಿ ಮಾಲೀಕ ಇವತ್ತಿಗೂ ಆ ಗುಜರಾತಿನವರೇ. ಡಿವಿಡೆಂಡು, ಬೋನಸು ಎಲ್ಲ ಹೋದದ್ದು ಆ ವಿಳಾಸಕ್ಕೇ. 2019ರ ಏಪ್ರಿಲ್ 1ರಿಂದ ಲಿಸ್ಟ್ ಆದ ಕಂಪನಿಗಳಲ್ಲಿ ಕಾಗದದ ಷೇರನ್ನು ಡೀಡಿನ ಮೇಲೆ ಬೇರೆಯವರ ಹೆಸರಿಗೆ ವರ್ಗ ಮಾಡುವುದು ನಿಂತಿತು. ಮೊದಲೇ ಕಳಿಸಿ ವಾಪಸ್ ಬಂದಿದ್ದ ಡೀಡುಗಳಿಗೆ 2021ರ ಮಾರ್ಚ್‌ವರೆಗೆ ಅವಕಾಶ ಇತ್ತು. ಇದು ಕಳಿಸಿದ್ದೇ ಅಲ್ಲ. ಕಂಪನಿಗೆ ಎರಡು ಸಲ ಬರೆದೆವು. ಎರಡು ಸಲವೂ ಆಗುವುದಿಲ್ಲ ಅಂತ ಬಂತು. ಇದನ್ನು ಅಲ್ಲಿಗೇ ಬಿಟ್ಟೆವು.

ಸುಮ್ನೆ ಕುರುಡು ನಿಯಮ ಅಂತ ಬೈಯುವುದು ಸುಲಭ. ಆದರೆ ನಾನು ಆ ಕಾಲದ ಕಡೆಯ ದಿನಗಳನ್ನು ಕಣ್ಣಾರೆ ನೋಡಿದ್ದೇನೆ. ಕಳ್ಳ ಷೇರು, ನಕಲಿ ಷೇರು, ಅಂಚೆಯಲ್ಲಿ ಕಳೆದ ಷೇರು, ಸಹಿ ಹೊಂದದ ಷೇರು. ಕಚೇರಿಯಲ್ಲಿ ಇಬ್ಬರ ಕೆಲಸವೇ ವಾಪಸ್ ಬಂದ ಕಾಗದಗಳ ಹಿಂದೆ ಓಡಾಡುವುದು. ಅದನ್ನು ನಿಲ್ಲಿಸಲೇಬೇಕಿತ್ತು.

ನಾಲ್ಕನೆಯದು

1995ರ ಒಂದು ಫೈನಾನ್ಸ್ ಕಂಪನಿ, 200 ಷೇರು. 1992ರಲ್ಲಿ ದೆಹಲಿಯ ಬೆಲೆ ನಿಯಂತ್ರಣ ಹೋಯಿತು. ಸೆಬಿಗೆ ಕಾನೂನಿನ ಬಲ ಬಂದದ್ದು ಅದೇ ವರ್ಷವಾದರೂ ಹಲ್ಲು ಮೂಡಲು ಇನ್ನೂ ಸಮಯ ಬೇಕಿತ್ತು. ಆ ಸಂದಿನಲ್ಲಿ ಸಾವಿರಾರು ಕಂಪನಿಗಳು ಜನರಿಂದ ದುಡ್ಡು ಎತ್ತಿದವು. ಎಷ್ಟೋ ಕಂಪನಿಗಳು ವಿಳಾಸವನ್ನೂ ಉಳಿಸದೆ ಹೋದವು. ಇದೂ ಅವುಗಳಲ್ಲೊಂದು. ಒಂದು ವಾರ ಹುಡುಕಿ ಕೈಬಿಟ್ಟೆ.

ಅವತ್ತು ನಾನು ಹೇಳಬೇಕಿದ್ದ ಮಾತು

ಈ ಪ್ರಕರಣದಲ್ಲಿ ನನ್ನದೂ ಒಂದು ಪಾಲಿದೆ.

ಎನ್‌ಎಸ್‌ಇಯಲ್ಲಿ ಷೇರು ವ್ಯಾಪಾರ ಶುರುವಾದದ್ದು 1994ರ ನವೆಂಬರ್ 3ಕ್ಕೆ. ರಿಂಗ್ ಇಲ್ಲ, ಕೂಗಾಟ ಇಲ್ಲ. ಉಪಗ್ರಹದ ಮೂಲಕ ದೇಶದ ತುಂಬಾ ಪರದೆ. ಒಂದೇ ವರ್ಷದಲ್ಲಿ ಅದು 120 ವರ್ಷದ ಬಿಎಸ್‌ಇಯ ವಹಿವಾಟನ್ನು ದಾಟಿತು. ಬಿಎಸ್‌ಇ ಕೂಡ 1995ರಲ್ಲಿ ಪರದೆಗೆ ಬಂತು. ಸಯ್ಯಾಜಿರಾವ್ ರಸ್ತೆಯ ಹತ್ತಿರ ನಾನಿದ್ದ ಕಚೇರಿಯ ತಾರಸಿ ಮೇಲೆ ಡಿಶ್ ಕೂರಿಸಿದ ದಿನ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನೋಡಿದ್ದರು. ಬಾಂಬೆಯವನಿಗೆ ಕಾಣುವ ಬೆಲೆ ಅದೇ ಗಳಿಗೆಯಲ್ಲಿ ನಮಗೂ ಕಾಣುತ್ತಿತ್ತು. ರಿಟೈರ್ ಆದವರು ಹತ್ತು ಗಂಟೆಗೇ ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಬೆಲೆ ಎಲ್ಲರಿಗೂ ಒಟ್ಟಿಗೆ ಕಂಡದ್ದು ಅದೇ ಮೊದಲು. ಈ 150 ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

1996ರಲ್ಲಿ ಡಿಪಾಸಿಟರಿ ಕಾನೂನು ಬಂತು, ಷೇರನ್ನು ಕಾಗದವಿಲ್ಲದೆ ಖಾತೆಯಲ್ಲಿ ಇಡುವ ಸಂಸ್ಥೆ ಎನ್‌ಎಸ್‌ಡಿಎಲ್ ಶುರುವಾಯಿತು. 1999ರಿಂದ ಹಂತ ಹಂತವಾಗಿ ಡಿಮ್ಯಾಟ್ ಕಡ್ಡಾಯವಾಯಿತು. ಆ ವರ್ಷವೇ ಮೇಷ್ಟ್ರು ಕಚೇರಿಗೆ ಬಂದಿದ್ದರು. ಕಚೇರಿಯಲ್ಲಿ ಹಳೇ ಶಿಷ್ಯ ಇದ್ದಾನೆ ಅನ್ನುವ ಧೈರ್ಯ.

"ಕಾಗದ ಕೊಟ್ಟರೆ ಏನು ಕೊಡ್ತೀರಿ?" ಅಂದರು.

"ಖಾತೆಗೆ ಸೇರಿಸಿ ಸ್ಟೇಟ್‌ಮೆಂಟ್ ಕೊಡ್ತೀವಿ ಸಾರ್."

"ಅದರ ಮೇಲೆ ಕಂಪನಿ ಸೀಲ್ ಇರುತ್ತಾ?"

"ಇಲ್ಲ ಸಾರ್. ಕಂಪ್ಯೂಟರಿಂದ ಬರೋದು."

"ಹಾಗಾದ್ರೆ ಬೇಡ ಬಿಡಪ್ಪ."

ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮೇಷ್ಟ್ರಿಗೆ ಎದುರು ಹೇಳುವುದು ಹೇಗೆ ಅಂತ ನಾನು ಸುಮ್ಮನಾದೆ. ಅವತ್ತು ಫೈಲು ಬಿಡಿಸಿ ನೋಡಿದ್ದರೆ ಆ ಖಾಲಿ ಡೀಡು ಕಣ್ಣಿಗೆ ಬೀಳುತ್ತಿತ್ತು. ಹೊಸ ಡೀಡಿಗೆ ಓಡಾಡಬಹುದಿತ್ತು, ಇನ್ನೂ ದಾರಿ ತೆರೆದಿತ್ತು. ಅದಕ್ಕೇ ಈಗ ಯಾರೇ ಫೈಲು ತಂದರೂ ಒಂದೊಂದು ಕಾಗದವನ್ನೂ ತಿರುವಿ ಬೆನ್ನು ನೋಡದೆ ಕಳಿಸುವುದಿಲ್ಲ.

ಅವರ ಭಯಕ್ಕೂ ಕಾರಣ ಇತ್ತು. 1992ರಲ್ಲಿ ಕೈ ಸುಟ್ಟುಕೊಂಡವರು. ಸೀಲು ಇರುವ ಕಾಗದವೊಂದೇ ಅವರಿಗೆ ಗಟ್ಟಿ ನೆಲ. ಪೇಟೆ ಮಾತ್ರ ಅದೇ ಹೊತ್ತಿಗೆ ನಂಬಿಕೆಯನ್ನು ಮನುಷ್ಯನಿಂದ, ಕಾಗದದಿಂದ ತೆಗೆದು ವ್ಯವಸ್ಥೆಯ ಕೈಗೆ ಕೊಡುತ್ತಿತ್ತು. ವ್ಯಾಪಾರದ ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ಬಂದು ಎರಡೂ ಕಡೆಗೆ ಹೊಣೆ ನಿಂತಿತು. 2001ರಲ್ಲಿ ಮತ್ತೊಂದು ಹಗರಣ ಆಗಿ ಕಲ್ಕತ್ತಾ ಎಕ್ಸ್‌ಚೇಂಜ್‌ನಲ್ಲಿ ದುಡ್ಡು ಕಟ್ಟಲಾರದೆ ದಲ್ಲಾಳಿಗಳು ಕೈಚೆಲ್ಲಿದರು. ಆ ಜುಲೈನಿಂದ ಬದ್ಲಾ, ಅಂದರೆ ಲೆಕ್ಕ ಚುಕ್ತಾ ಮಾಡದೆ ಮುಂದಕ್ಕೆ ತಳ್ಳುವ ವ್ಯಾಪಾರ, ನಿಂತಿತು. 2005ರ ಹೊತ್ತಿಗೆ ಎಕ್ಸ್‌ಚೇಂಜ್‌ಗಳ ಒಡೆತನವನ್ನೂ ಆಡಳಿತವನ್ನೂ ದಲ್ಲಾಳಿಗಳ ಹಿಡಿತದಿಂದ ಬೇರೆ ಮಾಡುವ ಕೆಲಸ ನಡೆಯಿತು.

ಮೊದಲ ಕಾಗದಕ್ಕೆ ವಾಪಸ್

ಸಾವಿರ ಷೇರಿನ ಬೆಲೆ ಐದು ಲಕ್ಷ ದಾಟಿತ್ತು. ಕಾಗದದ ಷೇರಿಗೆ ಆಗ ಸರಳ ದಾರಿ ಇದ್ದದ್ದು ಒಂದು ಕಂಪನಿಯಲ್ಲಿ ಐದು ಲಕ್ಷದವರೆಗೆ. ಹಾಗಾಗಿ ರಿಜಿಸ್ಟ್ರಾರ್ ವಾರಸುದಾರರು ಯಾರು ಅಂತ ಹೇಳುವ ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ಕೇಳಿದರು. 2023ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿದೆವು. ಪೇಪರಿನಲ್ಲಿ ಪ್ರಕಟಣೆ, ಮಕ್ಕಳ ಹೇಳಿಕೆ. ಕೈಗೆ ಬಂದದ್ದು ಡಿಸೆಂಬರಿನಲ್ಲಿ.

ಅದೇ 2023ರ ಜನವರಿ ಕೊನೆಗೆ ದೇಶದ ಪೇಟೆ ಪೂರ್ತಿಯಾಗಿ ಟಿ ಪ್ಲಸ್ ಒನ್‌ಗೆ ಬಂದಿತ್ತು. ಇವತ್ತು ಮಾರಿದರೆ ನಾಳೆ ಲೆಕ್ಕ ಚುಕ್ತಾ. ಎರಡು ದಶಕದ ಹಿಂದೆ ಅದು ಐದು ದಿನ, ಅದಕ್ಕೂ ಹಿಂದೆ ವಾರ, ಹದಿನೈದು ದಿನ. ಅಷ್ಟು ವೇಗದ ಪೇಟೆಯ ಬಾಗಿಲಿಗೆ ಬರಲು ಈ ಮನೆಯವರಿಗೆ ಎರಡು ವರ್ಷ ಬೇಕಾಯಿತು.

ಹೆಸರಿನ ತೊಂದರೆ ಎಲ್ಲಕ್ಕಿಂತ ಜಾಸ್ತಿ ಕಾಡಿತು. ಷೇರಿನಲ್ಲಿ ಮೇಷ್ಟ್ರ ಹೆಸರಿನ ಮುಂದೆ ಎರಡು ಇನಿಷಿಯಲ್, ನಮ್ಮ ಕಡೆಯ ಪದ್ಧತಿ. ಒಂದು ಊರಿನದು, ಇನ್ನೊಂದು ತಂದೆಯದು. ಮರಣ ಪತ್ರದಲ್ಲಿ ಇನಿಷಿಯಲ್ ಇಲ್ಲ, ಹೆಸರಿನ ಕೊನೆಗೆ ಗೌಡ ಸೇರಿತ್ತು. ಅಮ್ಮನ ಆಧಾರ್‌ನಲ್ಲಿ ಗಂಡನ ಹೆಸರು ಮೂರನೇ ರೀತಿ. ಮೂರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆವು. ಪೆನ್ಷನ್ ಪುಸ್ತಕದ ನಕಲು ಜೊತೆಗಿಟ್ಟೆವು. ಅಮ್ಮನಿಗೆ ಪ್ಯಾನ್ ಮಾಡಿಸಿ, 2024ರ ಮಾರ್ಚ್‌ನಲ್ಲಿ ಡಿಮ್ಯಾಟ್ ಖಾತೆ ತೆರೆದೆವು.

ಸಹಿಯನ್ನು ಬ್ಯಾಂಕಿನವರು ದೃಢೀಕರಿಸಬೇಕಿತ್ತು. ಅಮ್ಮ ಕನ್ನಡದಲ್ಲಿ ಸಹಿ ಮಾಡುತ್ತಾರೆ. ಕೈ ನಡುಗುತ್ತದೆ. ಬ್ಯಾಂಕಿನಲ್ಲಿದ್ದ ಹಳೇ ಮಾದರಿಗೆ ಹೊಂದಲಿಲ್ಲ. ಮನೆಗೆ ಬಂದು ಮೂರು ದಿನ ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆದು ಅಭ್ಯಾಸ ಮಾಡಿದರು. ನಾಲ್ಕನೇ ದಿನ ಬ್ಯಾಂಕಿನ ಮ್ಯಾನೇಜರು ಅವರನ್ನು ಎದುರು ಕೂರಿಸಿ, ನೀರು ಕೊಟ್ಟು, ಹೊಸ ಮಾದರಿ ಸಹಿ ತಗೊಂಡು ಫಾರಂಗೆ ಮುದ್ರೆ ಹಾಕಿಕೊಟ್ಟರು.

ಜೂನಿನಲ್ಲಿ ರಿಜಿಸ್ಟ್ರಾರ್ ಹಕ್ಕಿನ ಪತ್ರ ಕೊಟ್ಟರು. ಅದಿಲ್ಲದೆ ಐಇಪಿಎಫ್ ಅರ್ಜಿ ನಿಲ್ಲುವುದಿಲ್ಲ. ಜುಲೈನಲ್ಲಿ ಐಇಪಿಎಫ್ 5 ಫಾರಂ ತುಂಬಿ, ಪ್ರಿಂಟು ತೆಗೆದು, ರದ್ದಾದ ಮೂರೂ ಕಾಗದದ ಜೊತೆ ಕಂಪನಿಯ ನೋಡಲ್ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟು ಮಾಡಿದೆವು. ಕಂಪನಿ ಪರಿಶೀಲಿಸಿ ವರದಿ ಕಳಿಸಿತು. 1978ರಲ್ಲಿ ಕಾಗದ ನೇರವಾಗಿ ಮೇಷ್ಟ್ರ ಹೆಸರಿಗೇ ಬಂದದ್ದರಿಂದ, ನಡುವೆ ಯಾವ ಕೈಯೂ ಇಲ್ಲದ್ದರಿಂದ, ಒಂದು ಪ್ರಶ್ನೆಯೂ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಸಾವಿರ ಷೇರು ಅಮ್ಮನ ಖಾತೆಗೆ ಬಂತು. ಡಿವಿಡೆಂಡಿನ ಹಣ ಬ್ಯಾಂಕಿಗೆ ಬಂತು.

ಮೆಸೇಜ್ ಬಂದ ದಿನ ಮಗ ಅಮ್ಮನಿಗೆ ಓದಿ ಹೇಳಿದ. "ಕಾಗದ ಯಾವಾಗ ವಾಪಸ್ ಕಳಿಸ್ತಾರಂತೆ?" ಅಂತ ಕೇಳಿದರು. ಅದು ಬರುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಕಳಿಸುವ ಮೊದಲು ತೆಗೆಸಿಟ್ಟಿದ್ದ ಜೆರಾಕ್ಸ್ ಕೊಟ್ಟೆ. ಅದನ್ನು ಲೆಕ್ಕದ ಪುಸ್ತಕದ ಒಳಗೆ, 1978ರ ಪುಟಕ್ಕೇ ಇಟ್ಟರು.

ಆಮೇಲೆ ನಾಮಿನಿ ಫಾರಂ ತೆಗೆದೆ. ಮೂವರು ಮಕ್ಕಳ ಹೆಸರೂ ಹಾಕು ಅಂದರು. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಆಚೀಚೆ ಆಗದ ಹಾಗೆ ಬರಿಯಪ್ಪ ಅಂತ ಎರಡು ಸಲ ಹೇಳಿದರು. ಮೂರೂ ಆಧಾರ್ ಕಾರ್ಡು ಪಕ್ಕದಲ್ಲಿಟ್ಟುಕೊಂಡು ಬರೆದೆ. ಅವರು ಕನ್ನಡಕ ಹಾಕಿಕೊಂಡು, ಮೂರು ಹೆಸರನ್ನೂ ಬೆರಳಿಟ್ಟು ಓದಿ, ಸಹಿ ಹಾಕಿದರು.